ಎಷ್ಟು ಹೊತ್ತಿನ ದಾರಿ?

ಕಳೆದ ತಿಂಗಳು ನಮ್ಮ ಮಹಿಳಾ ವಿಭಾಗದ ಸಭೆ ಮುಗಿದು ಎಲ್ಲರೂ ಚಹಾ ಕುಡಿಯುತ್ತ ನಿಂತಿದ್ದೆವು. ಗೆಳತಿಯೊಬ್ಬರ ಮಗ ಬೆಂಗಳೂರಿನ ಕೆಲಸ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ. ಆಕೆ ಸಂತೋಷ ಮತ್ತು ಅಳುಕು ಎರಡೂ ಬೆರೆತ ದನಿಯಲ್ಲಿ, "ಅಲ್ಲಿಗೆ ಎಷ್ಟು ದೂರ ಆಗುತ್ತೆ?" ಎಂದು ಕೇಳಿದರು. ಕೂಡಲೇ ಮೂವರು ಮೊಬೈಲ್ ತೆಗೆದರು. ಒಬ್ಬರು "13,993 ಕಿಲೋಮೀಟರ್" ಎಂದರು. ಇನ್ನೊಬ್ಬರು "ಇಲ್ಲ, 16,000 ಅಂತ ಇದೆ" ಎಂದರು. ಮೂರನೆಯವರು, "ಕಿಲೋಮೀಟರ್ ಬಿಡಿ, 22 ಗಂಟೆ ಬೇಕು" ಎಂದರು. ಯಾರ ಉತ್ತರ ಸರಿ ಎಂದು ಸಣ್ಣದೊಂದು ವಾದವೇ ನಡೆಯಿತು. ನಾನು ಸುಮ್ಮನೆ ಕೇಳುತ್ತಿದ್ದೆ. ಮೂರೂ ಸರಿಯೇ ಇರಬಹುದು. ಅದು ಹೇಗೆ ಎಂದು ಹೇಳಲು ಅಂದು ಸಮಯ ಸಾಲಲಿಲ್ಲ. ಅದಕ್ಕೇ ಈ ಲೇಖನ.

ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಪುಸ್ತಕದಿಂದಲ್ಲ, ನಮ್ಮ ಮನೆಯ ಒಂದು ಸಾವಿನಿಂದ.

1987ರ ಮೇ ತಿಂಗಳು

ನನ್ನ ತವರು ಬಳ್ಳಾರಿ. ಮದುವೆಯಾಗಿ ಮುಂಬೈಗೆ ಬಂದು ಆಗ ಎಂಟು ವರ್ಷವಾಗಿತ್ತು. ಅಣ್ಣ ಕ್ಯಾಲಿಫೋರ್ನಿಯಾದಲ್ಲಿದ್ದ. ಒಂದು ರಾತ್ರಿ ಪಕ್ಕದ ಮನೆಯವರ ಫೋನಿಗೆ ಬಳ್ಳಾರಿಯಿಂದ ಟ್ರಂಕ್ ಕಾಲ್ ಬಂತು. ಅಪ್ಪ ಹೋಗಿಬಿಟ್ಟಿದ್ದರು. ಅಣ್ಣನಿಗೆ ಸುದ್ದಿ ಮುಟ್ಟಿಸಿ, ಕೈಗೆ ಸಿಕ್ಕಿದ್ದನ್ನು ಚೀಲಕ್ಕೆ ತುಂಬಿಕೊಂಡು ನಾನು ಮದ್ರಾಸ್ ಕಡೆಯ ರೈಲು ಹತ್ತಿದೆ. ಗುಂತಕಲ್ಲಿನಲ್ಲಿ ಇಳಿದು ಬಳ್ಳಾರಿ ಮುಟ್ಟುವ ಹೊತ್ತಿಗೆ ಮರುದಿನ ಸಂಜೆಯಾಗಿತ್ತು. ಬಳ್ಳಾರಿಯ ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ. ಚಿಕ್ಕಪ್ಪ ಐಸ್ ಫ್ಯಾಕ್ಟರಿಯಿಂದ ಗಡ್ಡೆ ತರಿಸಿ ತರಿಸಿ ಇಟ್ಟು ನನಗಾಗಿ ಕಾದಿದ್ದರು. ಅಪ್ಪನ ಮುಖ ನೋಡಿದೆ.

ಅಣ್ಣನಿಗಾಗಿ ಕಾಯಲು ಆಗಲಿಲ್ಲ. ಆತ ಟಿಕೆಟ್ ಹೊಂದಿಸಿಕೊಂಡು ಸ್ಯಾನ್ ಫ್ರಾನ್ಸಿಸ್ಕೋದಿಂದ ನ್ಯೂಯಾರ್ಕ್, ಅಲ್ಲಿಂದ ಲಂಡನ್, ಅಲ್ಲಿಂದ ಮುಂಬೈ, ಆಮೇಲೆ ರೈಲು ಹಿಡಿದು ನಾಲ್ಕನೆಯ ದಿನ ಪಡಸಾಲೆಯಲ್ಲಿ ಸೂಟ್‌ಕೇಸ್ ಇಟ್ಟು ನಿಂತ. ಅಷ್ಟರಲ್ಲಿ ಚಿಕ್ಕಪ್ಪನ ಮಗ ಕೊಳ್ಳಿ ಇಟ್ಟು ಅಸ್ಥಿ ಸಂಚಯನವೂ ಮುಗಿದಿತ್ತು. ಅಮ್ಮ ಅಳಲಿಲ್ಲ. "ಬಂದ್ಯಾ ಅಪ್ಪಾ? ಉಂಡ್ಯೋ ಇಲ್ಲೋ?" ಎಂದು ಕೇಳಿದಳು.

ರಾತ್ರಿ ಅಮ್ಮ ನನ್ನನ್ನು ಕೇಳಿದಳು, "ಅವನಿರೋ ಊರು ಎಷ್ಟು ದೂರ ಐತೆ?" ನಾನು ಶಾಲೆಯ ಪಾಠ ಒಪ್ಪಿಸುವವಳಂತೆ ಹದಿಮೂರು ಹದಿನಾಲ್ಕು ಸಾವಿರ ಕಿಲೋಮೀಟರ್ ಎಂದೆ. ಅಮ್ಮ, "ಕಿಲೋಮೀಟರ್ ಯಾರು ಕೇಳಿದ್ರು? ಎಷ್ಟೊತ್ತಿನ ದಾರಿ ಐತೆ ಅದು?" ಎಂದಳು.

ನಮ್ಮ ಹಿರಿಯರು ದೂರವನ್ನು ಕೇಳುತ್ತಿದ್ದುದೇ ಹೀಗೆ. ಹರದಾರಿ, ಗಾವುದ ಎಂಬ ಅಳತೆಗಳಿದ್ದರೂ ಬಾಯಲ್ಲಿ ಬರುತ್ತಿದ್ದುದು "ಅರ್ಧ ದಿನದ ದಾರಿ", "ಎರಡು ರಾತ್ರಿಯ ಪಯಣ" ಎಂಬ ಮಾತು. ಆ ದಿನ ನನಗೆ ಒಂದು ಸಂಗತಿ ತಿಳಿಯಿತು. ದೂರದಲ್ಲಿ ಎರಡೇ ಬಗೆ: ಕಾಯಬಹುದಾದ ದೂರ ಮತ್ತು ಕಾಯಲಾಗದ ದೂರ. ಮುಂಬೈ ಮೊದಲನೆಯದು. ಅಮೆರಿಕ ಎರಡನೆಯದು.

ಜುಹುವಿನಿಂದ ಬಳ್ಳಾರಿಗೆ

ಕಾಯಲಾಗದ ದೂರವನ್ನು ಕಾಯಬಹುದಾದ ದೂರವಾಗಿ ಮಾಡಿದ್ದೇ ವಿಮಾನಯಾನದ ಚರಿತ್ರೆ. ಅದರ ಭಾರತದ ಅಧ್ಯಾಯದಲ್ಲಿ ನನ್ನ ಎರಡೂ ಊರುಗಳು ಮೊದಲ ಪುಟದಲ್ಲೇ ಬರುತ್ತವೆ ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು.

1929ರಲ್ಲಿ ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸ್ ಲಂಡನ್ನಿನಿಂದ ಕರಾಚಿಗೆ ಸೇವೆ ಆರಂಭಿಸಿತು. ಏಳು ದಿನದ ಪಯಣ. ನಡುವೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಇಟಲಿಯ ಜಿನೋವಾವರೆಗೆ ರೈಲಿನಲ್ಲಿ ಹೋಗಬೇಕಿತ್ತು. ಕರಾಚಿಗೆ ಬಂದ ಅಂಚೆಯನ್ನು ಮುಂದೆ ಒಯ್ಯಲು ಹುಟ್ಟಿದ್ದು ಟಾಟಾ ಕಂಪನಿಯ ವಿಮಾನ ಸೇವೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಒಂಟಿ ಎಂಜಿನ್ನಿನ ಪುಸ್ ಮಾತ್ ವಿಮಾನದಲ್ಲಿ ಅಂಚೆ ಚೀಲ ಇಟ್ಟುಕೊಂಡು ಬೆಳಿಗ್ಗೆ ಆರೂವರೆಯ ಸುಮಾರಿಗೆ ಕರಾಚಿ ಬಿಟ್ಟರು. ಅಹಮದಾಬಾದಿನಲ್ಲಿ ಇಳಿದಾಗ ವಿಮಾನಕ್ಕೆ ಬೇಕಾದ ಪೆಟ್ರೋಲ್ ಡಬ್ಬಗಳು ಬಂದದ್ದು ಎತ್ತಿನ ಗಾಡಿಯಲ್ಲಿ! ಮಧ್ಯಾಹ್ನ ಎರಡರೊಳಗೆ ಅವರು ಜುಹು ಮುಟ್ಟಿದರು. ಆಗಿನ ಜುಹು ನಿಲ್ದಾಣವೆಂದರೆ ಸಮುದ್ರದ ಪಕ್ಕದ ಕೆಸರು ಬಯಲು. ಮಳೆಗಾಲದಲ್ಲಿ ನೀರು ನಿಲ್ಲುತ್ತಿದ್ದುದರಿಂದ ಆ ತಿಂಗಳುಗಳಲ್ಲಿ ಪುಣೆಯನ್ನು ಬಳಸಬೇಕಾಗುತ್ತಿತ್ತು.

ಜುಹುವಿನಲ್ಲಿ ಇನ್ನೊಂದು ವಿಮಾನದೊಂದಿಗೆ ಕಾದಿದ್ದವರು ನೆವಿಲ್ ವಿನ್ಸೆಂಟ್. ಅವರು ಅಂಚೆಯನ್ನು ತೆಗೆದುಕೊಂಡು ಮದ್ರಾಸಿಗೆ ಹಾರಿದರು. ಮಾರ್ಗದ ನಡುವಿನ ನಿಲ್ದಾಣ ನಮ್ಮ ಬಳ್ಳಾರಿ! ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಅಂಚೆಯ ಏರೋಪ್ಲೇನ್ ನೋಡಲು ಬುತ್ತಿ ಕಟ್ಟಿಕೊಂಡು ಹೋಗಿದ್ದೆನೆಂದು ನಮ್ಮ ತಾತ ಹೇಳುತ್ತಿದ್ದರಂತೆ. ಅಮ್ಮ ಅದನ್ನು ಕಥೆಯಂತೆ ಹೇಳುತ್ತಿದ್ದಳು. ಆ ವಿಮಾನದಲ್ಲಿ ಮನುಷ್ಯರಿಗೆ ಜಾಗ ಕಡಿಮೆ, ಕಾಗದಕ್ಕೇ ಹೆಚ್ಚು. ಅಂದರೆ ಮೊದಲು ಹತ್ತಿರವಾದದ್ದು ಸುದ್ದಿ. ಮನುಷ್ಯರು ಹತ್ತಿರವಾಗಲು ಇನ್ನೂ ಸಮಯ ಹಿಡಿಯಿತು.

1948ರ ಜೂನ್ 8ರಂದು 'ಮಲಬಾರ್ ಪ್ರಿನ್ಸೆಸ್' ಎಂಬ ವಿಮಾನ 35 ಪ್ರಯಾಣಿಕರೊಂದಿಗೆ ಮುಂಬೈಯಿಂದ ಕೈರೋ, ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಹೊರಟಿತು. ಅದು ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ಮೊದಲ ಯಾನ. 1960ರಲ್ಲಿ ಬೋಯಿಂಗ್ 707 ಜೆಟ್ ಬಂತು. ಅದೇ ವರ್ಷ ಮೇ ತಿಂಗಳಲ್ಲಿ ನ್ಯೂಯಾರ್ಕ್ ಸೇವೆಯೂ ಆರಂಭವಾಯಿತು. ದಿನಗಳ ದಾರಿ ಗಂಟೆಗಳ ದಾರಿಯಾಯಿತು. ಆದರೂ ನಡುವೆ ಇಳಿಯುವುದು, ಕಾಯುವುದು, ವಿಮಾನ ಬದಲಿಸುವುದು ತಪ್ಪಲಿಲ್ಲ. ನಮ್ಮಣ್ಣನ ನಾಲ್ಕು ದಿನಗಳಲ್ಲಿ ಹೆಚ್ಚಿನವು ಹಾರಾಟದಲ್ಲಿ ಹೋದವಲ್ಲ, ಇಂಥ ಕಾಯುವಿಕೆಯಲ್ಲಿ ಹೋದವು.

ದಾರದಿಂದ ಅಳೆದು ನೋಡಿ

ಈಗ ಗೆಳತಿಯರ ವಾದಕ್ಕೆ ಬರೋಣ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಒಂದು ಹೊಲಿಗೆ ದಾರ ತೆಗೆದುಕೊಳ್ಳಿ. ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ಗೋಡೆಯ ನಕಾಶೆ ನೋಡಿ ಅಭ್ಯಾಸವಾದ ನಾವು ದಾರ ಪೆಸಿಫಿಕ್ ಸಾಗರದ ಮಧ್ಯೆ ಹೋಗಬಹುದೆಂದುಕೊಳ್ಳುತ್ತೇವೆ. ಅದು ಹಾಗೆ ಹೋಗುವುದಿಲ್ಲ. ನೇಪಾಳ, ಟಿಬೆಟ್, ಚೀನಾ, ಸೈಬೀರಿಯಾ ದಾಟಿ, ಉತ್ತರ ಮಹಾಸಾಗರದ ಅಂಚು ಮುಟ್ಟಿ, ಅಲಾಸ್ಕಾ ಮೇಲಿಂದ ಇಳಿಯುತ್ತದೆ. ದುಂಡು ಭೂಮಿಯ ಮೇಲೆ ಅತಿ ಹತ್ತಿರದ ದಾರಿ ಇದೇ. ಇದರ ಉದ್ದ 13,993 ಕಿ.ಮೀ. ಹನ್ನೆರಡು ಇಂಚಿನ ಗ್ಲೋಬಿನ ಮೇಲೆ ಸುಮಾರು ಒಂದೂವರೆ ಗೇಣು. ಮೊದಲ ಗೆಳತಿ ಹೇಳಿದ್ದು ಈ ದಾರದ ಲೆಕ್ಕ.

ಆದರೆ ವಿಮಾನ ದಾರದ ಮೇಲೆಯೇ ಹೋಗಲಾರದು. ಮೊದಲ ಅಡ್ಡಿ ಟಿಬೆಟ್. ವಿಮಾನದೊಳಗಿನ ಗಾಳಿಯ ಒತ್ತಡ ಇದ್ದಕ್ಕಿದ್ದಂತೆ ಕಡಿಮೆಯಾದರೆ ಪೈಲಟ್ ಬೇಗನೆ ಸುಮಾರು 10,000 ಅಡಿಗೆ ಇಳಿಯಬೇಕು. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಇಳಿಯುವುದೆಲ್ಲಿಗೆ? ಆದ್ದರಿಂದ ವಿಮಾನಗಳು ಸಾಮಾನ್ಯವಾಗಿ ಆ ಪ್ರದೇಶವನ್ನು ಸುತ್ತಿಕೊಂಡು ಹೋಗುತ್ತವೆ. ಎರಡನೆಯದು ಗಾಳಿ. ಮೇಲಿನ ಆಕಾಶದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ರಭಸದ ಗಾಳಿ ಬೀಸುತ್ತದೆ. ಅದನ್ನು ಬೆನ್ನಿಗೆ ಹಾಕಿಕೊಂಡರೆ ಲಾಭ, ಎದುರಿಸಿದರೆ ನಷ್ಟ. ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಭೂಮಿಯ ಹೆಚ್ಚುಕಡಿಮೆ ಎದುರುಬದುರು ಮಗ್ಗುಲಲ್ಲಿರುವುದರಿಂದ ಪೆಸಿಫಿಕ್ ಮೇಲೆ ಹೋಗುವುದೋ, ಧ್ರುವದ ಕಡೆಯಿಂದ ಹೋಗುವುದೋ ಎಂಬುದನ್ನು ಆಯಾ ದಿನದ ಗಾಳಿ ನೋಡಿ ತೀರ್ಮಾನಿಸಬಹುದು. ಕೆಲವೊಮ್ಮೆ ಉದ್ದದ ದಾರಿಯೇ ಬೇಗ ಮುಟ್ಟಿಸುತ್ತದೆ. ಎರಡನೆಯ ಗೆಳತಿಯ 16,000 ಇಂಥ ಹಾರಾಟದ ಲೆಕ್ಕ. ಮೂರನೆಯವರ 22 ಗಂಟೆ, ನಡುವೆ ಎಲ್ಲೋ ಇಳಿದು ಇನ್ನೊಂದು ವಿಮಾನ ಹಿಡಿಯುವವರ ಲೆಕ್ಕ.

ಮೂರನೆಯ ಅಡ್ಡಿ ಮನುಷ್ಯರದ್ದು. 1954ರಲ್ಲೇ ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ಸಂಸ್ಥೆ ಕೋಪನ್‌ಹೇಗನ್‌ನಿಂದ ಲಾಸ್ ಏಂಜಲೀಸ್‌ಗೆ ಗ್ರೀನ್‌ಲ್ಯಾಂಡ್ ಮೂಲಕ ಉತ್ತರದ ದಾರಿ ಹಿಡಿದಿತ್ತು. ಆದರೆ ಶೀತಲ ಸಮರದ ಕಾಲದಲ್ಲಿ ಸೈಬೀರಿಯಾದ ಆಕಾಶ ಹೊರಗಿನವರಿಗೆ ಸುಲಭವಾಗಿ ತೆರೆದಿರಲಿಲ್ಲ. ರಷ್ಯಾದ ಮೇಲಿನ ಧ್ರುವ ಮಾರ್ಗಗಳು ವಿಧಿವತ್ತಾಗಿ ತೆರೆದದ್ದು 2001ರಲ್ಲಿ. ಮುಚ್ಚುವುದೂ ಅಷ್ಟೇ ಬೇಗ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಅಮೆರಿಕಕ್ಕೆ ಹೊರಟ ಕೆಲವು ವಿಮಾನಗಳು ಇಂಧನಕ್ಕಾಗಿ ಯುರೋಪಿನಲ್ಲಿ ಇಳಿಯಬೇಕಾಯಿತು. ಊರುಗಳು ಅಲ್ಲಲ್ಲೇ ಇದ್ದವು, ದಾರಿ ಮಾತ್ರ ಗಂಟೆಗಟ್ಟಲೆ ಉದ್ದವಾಯಿತು.

ಸಿಲ್ಚಾರ್‌ನಿಂದ ಉತ್ತರ ಧ್ರುವದವರೆಗೆ

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಏರ್ ಇಂಡಿಯಾದ ಮೊದಲ ನೇರ ವಿಮಾನ ಹಾರಿದ್ದು 2021ರ ಜನವರಿಯಲ್ಲಿ. ಅದನ್ನು ತಂದವರು ಹೆಂಗಸರು. ಆ ಯಾನಕ್ಕೆ ಮುಂಚಿನ ಕಥೆಯನ್ನೂ ನಾವು ತಿಳಿದಿರಬೇಕು.

1936ರಲ್ಲಿ ಸರಳಾ ಠಕ್ರಾಲ್ ಲಾಹೋರಿನಲ್ಲಿ ಸೀರೆ ಉಟ್ಟುಕೊಂಡೇ ಜಿಪ್ಸಿ ಮಾತ್ ವಿಮಾನವನ್ನು ಒಬ್ಬರೇ ಹಾರಿಸಿದರು. ವಯಸ್ಸು 21, ಮನೆಯಲ್ಲಿ ನಾಲ್ಕು ವರ್ಷದ ಮಗಳು. 1939ರಲ್ಲಿ ಪತಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಯುದ್ಧ ಶುರುವಾಗಿ ತರಬೇತಿಯೂ ನಿಂತಿತು. ವಾಣಿಜ್ಯ ಪೈಲಟ್ ಆಗುವ ಆಸೆ ಬಿಟ್ಟು ಅವರು ಚಿತ್ರಕಲೆ, ವಿನ್ಯಾಸದ ಕಡೆ ತಿರುಗಿದರು. ಅವರ ನಂತರ ಪ್ರೇಮ್ ಮಾಥುರ್ ಹಲವು ಸಂಸ್ಥೆಗಳಲ್ಲಿ 'ಹೆಂಗಸು ಓಡಿಸಿದರೆ ಪ್ರಯಾಣಿಕರು ಹತ್ತುವುದಿಲ್ಲ' ಎಂಬಂಥ ಅನುಮಾನವನ್ನು ಎದುರಿಸಿ, ಕೊನೆಗೆ ಹೈದರಾಬಾದಿನ ಡೆಕ್ಕನ್ ಏರ್‌ವೇಸ್‌ನಲ್ಲಿ ಕೆಲಸ ಪಡೆದರು. 1985ರ ನವೆಂಬರಿನಲ್ಲಿ ಕ್ಯಾಪ್ಟನ್ ಸೌದಾಮಿನಿ ದೇಶಮುಖ್ ಮತ್ತು ಸಹಪೈಲಟ್ ನಿವೇದಿತಾ ಭಾಸಿನ್ ಇಂಡಿಯನ್ ಏರ್‌ಲೈನ್ಸ್‌ನ ಫೋಕರ್ ಫ್ರೆಂಡ್‌ಶಿಪ್ ವಿಮಾನವನ್ನು ಕೋಲ್ಕತ್ತಾದಿಂದ ಸಿಲ್ಚಾರ್‌ಗೆ ಒಯ್ದರು. ಮಹಿಳೆಯರೇ ನಡೆಸಿದ ಮೊದಲ ಯಾನವೆಂದು ಅದು ಹೆಸರಾಯಿತು. ದೂರ ಐನೂರು ಕಿಲೋಮೀಟರ್ ಆಚೀಚೆ.

ಮೂವತ್ತೈದು ವರ್ಷಗಳ ನಂತರ, 2021ರ ಜನವರಿ 9ರ ಶನಿವಾರ ರಾತ್ರಿ, ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಕ್ಯಾಪ್ಟನ್‌ಗಳಾದ ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವಣೆ, ಶಿವಾನಿ ಮನ್ಹಾಸ್ ಏರ್ ಇಂಡಿಯಾದ ಬೋಯಿಂಗ್ 777-200ಎಲ್‌ಆರ್ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಎತ್ತಿದರು. ಉತ್ತರ ಧ್ರುವದ ಮೇಲೆ ಹಾರಿ ಸೋಮವಾರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಸಿದರು. ಅಂದು ಅದೇ ವಿಮಾನದಲ್ಲಿ ಸಂಸ್ಥೆಯ ಸುರಕ್ಷತಾ ವಿಭಾಗದ ಮುಖ್ಯಸ್ಥೆಯಾಗಿ ನಿವೇದಿತಾ ಭಾಸಿನ್ ಕೂಡ ಇದ್ದರು. ಸಿಲ್ಚಾರ್‌ಗೆ ಹಾರಿದ ಅದೇ ನಿವೇದಿತಾ! ಒಬ್ಬ ಹೆಂಗಸಿನ ಕೆಲಸದ ಆಯುಷ್ಯದೊಳಗೆ 500 ಕಿಲೋಮೀಟರ್ 14,000 ಆಯಿತು.

ನಾಲ್ವರು ಪೈಲಟ್‌ಗಳು ಏಕೆಂದರೆ ಹದಿನೇಳು ಗಂಟೆ ಒಬ್ಬರೋ ಇಬ್ಬರೋ ಎಚ್ಚರವಾಗಿ ಕೂರಲಾಗದು. ಇಬ್ಬರು ಓಡಿಸುವಾಗ ಇಬ್ಬರು ಮಲಗುತ್ತಾರೆ, ಸರದಿ ಬದಲಾಗುತ್ತದೆ. ಧ್ರುವದ ದಾರಿಯಲ್ಲಿ ಇನ್ನೂ ಕೆಲವು ಚಿಂತೆಗಳಿವೆ. ಚಳಿಗಾಲದಲ್ಲಿ ನಮ್ಮ ಕೊಬ್ಬರಿ ಎಣ್ಣೆ ಗಟ್ಟಿಯಾಗುವಂತೆ ವಿಮಾನದ ಇಂಧನವೂ ಗಟ್ಟಿಯಾಗಬಲ್ಲದು. ಅಮೆರಿಕದಲ್ಲಿ ಬಳಸುವ ಜೆಟ್ ಎ ಇಂಧನಕ್ಕೆ ಆ ಮಿತಿ ಮೈನಸ್ 40 ಡಿಗ್ರಿ ಸೆಲ್ಸಿಯಸ್. ಹೊರಗಿನ ಗಾಳಿ ಮೈನಸ್ 60ಕ್ಕೂ ಕೆಳಗೆ ಹೋಗಬಹುದು. ಆದ್ದರಿಂದ ರೆಕ್ಕೆಯೊಳಗಿನ ಇಂಧನ ಎಷ್ಟು ತಣ್ಣಗಾಗಿದೆ ಎಂದು ನೋಡುತ್ತಲೇ ಇರಬೇಕು. ತೀರ ತಣ್ಣಗಾದರೆ ವಿಮಾನವನ್ನು ಸ್ವಲ್ಪ ಕೆಳಗೆ, ಬೆಚ್ಚನೆಯ ಗಾಳಿಗೆ ಇಳಿಸಬೇಕು. ಧ್ರುವದ ಹತ್ತಿರ ದಿಕ್ಸೂಚಿಯನ್ನು ನಂಬುವಂತಿಲ್ಲ. ಎಂಜಿನ್ ಕೈಕೊಟ್ಟರೆ ಇಳಿಯಲು ದಾರಿಯುದ್ದಕ್ಕೂ ನಿಲ್ದಾಣಗಳನ್ನು ಮೊದಲೇ ಗುರುತಿಸಿರಬೇಕು. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನವೊಂದು ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್‌ನಲ್ಲಿ ಇಳಿದಾಗ ಈ ಮುಂಜಾಗ್ರತೆಯ ಬೆಲೆ ನಮಗೆಲ್ಲ ಅರ್ಥವಾಯಿತು. ಅದರಲ್ಲಿದ್ದ 216 ಪ್ರಯಾಣಿಕರೂ ಕ್ಷೇಮವಾಗಿದ್ದರು.

ಗಡಿಯಾರದ ಲೆಕ್ಕವೂ ತಮಾಷೆಯದು. ಚಳಿಗಾಲದಲ್ಲಿ ಎರಡು ಊರುಗಳ ನಡುವೆ ಹದಿಮೂರೂವರೆ ಗಂಟೆಯ ವ್ಯತ್ಯಾಸ. ಬೆಂಗಳೂರಿನಲ್ಲಿ ಮಧ್ಯಾಹ್ನ ಎರಡೂವರೆಗೆ ಹೊರಟು ಹದಿನಾರು ಗಂಟೆ ಹಾರಿದರೆ ಅಲ್ಲಿ ಅದೇ ದಿನ ಸಂಜೆ ಐದು! ಬರುವಾಗ ಆ ಸಾಲ ತೀರಿಸಬೇಕು. ಶನಿವಾರ ರಾತ್ರಿ ಹತ್ತಿದವರಿಗೆ ಭಾನುವಾರವೇ ಕೈತಪ್ಪಿ ಸೋಮವಾರ ಬೆಳಗಾಗುತ್ತದೆ.

ಅಮ್ಮನ ಲೆಕ್ಕ

ಆ ಮೊದಲ ವಿಮಾನ ಇಳಿದ ಮುಂದಿನ ತಿಂಗಳೇ, 2021ರ ಫೆಬ್ರವರಿಯಲ್ಲಿ, ಅಮ್ಮ ಹಾಸಿಗೆ ಹಿಡಿದಳು. ಆಗ ಆಕೆಗೆ 86. ಬೆಂಗಳೂರಿನಲ್ಲಿ ತಂಗಿಯ ಮನೆಯಲ್ಲಿದ್ದಳು. ನಾನು ಮುಂಬೈಯಿಂದ ಹೋಗಿ ಪಕ್ಕದಲ್ಲಿ ಕುಳಿತೆ. ವೈದ್ಯರು "ಹೇಳಬೇಕಾದವರಿಗೆಲ್ಲ ಹೇಳಿಬಿಡಿ" ಎಂದರು. ಕ್ಯಾಲಿಫೋರ್ನಿಯಾದಲ್ಲಿದ್ದ ನನ್ನ ಮಗಳಿಗೆ ಫೋನ್ ಮಾಡಿದೆ. 1987ರ ಆ ಪಡಸಾಲೆ ಮತ್ತೆ ಕಣ್ಣ ಮುಂದೆ ಬಂತು.

ನೇರ ವಿಮಾನ ಆಗ ವಾರಕ್ಕೆ ಎರಡೇ ಸಲ ಇತ್ತು. ಒಂದು ಅಂದೇ ಹೊರಟುಹೋಗಿತ್ತು. ಕೋವಿಡ್ ಪರೀಕ್ಷೆಯ ವರದಿ ಬರಬೇಕು, ಕಚೇರಿಯಿಂದ ರಜೆ ಸಿಗಬೇಕು, ಚಿಕ್ಕ ಮಗುವನ್ನು ಅಳಿಯನ ಕೈಗೆ ಒಪ್ಪಿಸಬೇಕು. ಹದಿನೇಳು ಗಂಟೆಯ ದಾರಿಗೆ ಮುಂಚೆ ಮೂರು ದಿನ ಹೀಗೇ ಕಳೆಯಿತು. ವಿಮಾನ ಸಂಸ್ಥೆಯ ಜಾಹೀರಾತಿನಲ್ಲಿ ಈ ಮೂರು ದಿನಗಳ ಲೆಕ್ಕ ಇರುವುದಿಲ್ಲ. ನಾವು ತಾಯಂದಿರೇ ಲೆಕ್ಕ ಹಾಕಿಕೊಳ್ಳಬೇಕು.

ಆ ರಾತ್ರಿ ನಾನು ಅಮ್ಮನ ಮಂಚದ ಪಕ್ಕ ಕುಳಿತು ಮೊಬೈಲ್ ನಕಾಶೆಯಲ್ಲಿ ಒಂದು ಪುಟ್ಟ ಹಳದಿ ವಿಮಾನ ಹಿಮದ ಬಿಳಿಯ ಮೇಲೆ ಸರಿಯುವುದನ್ನು ನೋಡುತ್ತಿದ್ದೆ. ಅಮ್ಮ ಒಂದೆರಡು ಸಲ ಕಣ್ಣು ಬಿಟ್ಟು, "ಎಲ್ಲಿಗೆ ಬಂದ್ಳು?" ಎಂದು ಕೇಳಿದಳು. ಒಮ್ಮೆ "ಇನ್ನೂ ಐಸಿನ ಮೇಲೆ ಇದ್ದಾಳಮ್ಮಾ" ಎಂದೆ. ಹಾಗೆ ಹೇಳಿದ ಮೇಲೆ ಬಳ್ಳಾರಿಯ ಐಸ್ ಗಡ್ಡೆ ನೆನಪಾಗಿ ನನ್ನ ಮಾತು ನಿಂತಿತು.

ಮಗಳು ಬೆಳಗಿನ ಜಾವ ಇಳಿದು, ಕೈಕಾಲು ತೊಳೆದು, ಮಾಸ್ಕ್ ಹಾಕಿಕೊಂಡೇ ಅಜ್ಜಿಯ ಕೈ ಹಿಡಿದಳು. ಅಮ್ಮ ಗುರುತಿಸಿದಳು.

"ಎಷ್ಟೊತ್ತಾತೇ ನಿನಗೆ ಬರಾಕ?"

"ಹದಿನೇಳು ಗಂಟೆ ಅಜ್ಜಿ."

ಅಮ್ಮ ಸ್ವಲ್ಪ ಹೊತ್ತು ಏನೋ ಕೂಡಿಸಿ ಕಳೆಯುವವಳಂತೆ ಸುಮ್ಮನಿದ್ದಳು. ಆಮೇಲೆ, "ನಿಮ್ಮಮ್ಮ ಬೊಂಬಾಯಿಂದ ರೈಲಿನಾಗೆ ಬರ್ತಿದ್ಲಲ್ಲ, ಅವಳಿಗೂ ಅಷ್ಟೇ ಹೊತ್ತು ಹಿಡೀತಿತ್ತು. ಹಂಗಾದ್ರೆ ನೀನೇನು ದೂರ ಇಲ್ಲ ಬಿಡು" ಎಂದಳು.

ಆ ಸಲ ಅಮ್ಮ ಚೇತರಿಸಿಕೊಂಡಳು. ಇನ್ನೂ ಎರಡು ವರ್ಷ ನಮ್ಮ ಜೊತೆ ಇದ್ದಳು.

ಹಾಗಾಗಿ ಮಗನನ್ನು ಕಳಿಸುತ್ತಿರುವ ಗೆಳತಿಗೆ ನನ್ನ ಉತ್ತರ ಇಷ್ಟು. 13,993 ಎಂಬ ಅಂಕಿಯನ್ನು ನೋಡಿ ಹೆದರಬೇಡಿ. ಅದು ದಾರದ ಲೆಕ್ಕ, ಎಂದಿಗೂ ಬದಲಾಗುವುದಿಲ್ಲ. ಬದಲಾಗುವುದು ಗಂಟೆಗಳು. ವಿಮಾನಗಳು ಯಾವ ವಾರ ಹಾರುತ್ತವೆ, ಯಾವ ಆಕಾಶ ತೆರೆದಿದೆ, ಮಗನ ಪಾಸ್‌ಪೋರ್ಟ್, ವೀಸಾ ಎಲ್ಲಿಯವರೆಗೆ ನಡೆಯುತ್ತವೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ. ನಮ್ಮ ಮನೆಯಲ್ಲಿ ಅಂಥ ಚೀಟಿ ಕಪಾಟಿನ ಬಾಗಿಲ ಒಳಗೆ, ಹಾಲಿನವನ ಲೆಕ್ಕದ ಪಕ್ಕದಲ್ಲೇ ಅಂಟಿಸಿದೆ. ಪ್ರತಿ ಯುಗಾದಿಗೆ ಹಳೆಯದನ್ನು ಕಿತ್ತು ಹೊಸದು ಬರೆಯುತ್ತೇನೆ.